ಹಳೇ ಮಂಚದ ಹಲಗೆಯಲ್ಲಿ ಅಳಿಲಿಗೊಂದು ಊಟದ ಪೆಟ್ಟಿಗೆ

ನಮ್ಮ ಕಡೆಯ ಅಳಿಲು ತೂಗುವುದು ಹೆಚ್ಚೂಕಡಿಮೆ 100 ಗ್ರಾಂ. ಅಳಿಲಿಗೆ ಊಟದ ಪೆಟ್ಟಿಗೆ ಮಾಡುವುದು ಹೇಗೆ ಅಂತ ಯೂಟ್ಯೂಬಿನಲ್ಲಿ ಹುಡುಕಿದರೆ ಸಿಗುವುದು ಬಹುಪಾಲು ಅಮೆರಿಕ, ಇಂಗ್ಲೆಂಡಿನ ವಿಡಿಯೋಗಳು. ಅಲ್ಲಿನ ಬೂದು ಅಳಿಲು ಸುಮಾರು ಅರ್ಧ ಕೇಜಿ ತೂಗುತ್ತದೆ. ಅದಕ್ಕೆ ಮಾಡುವ ಪೆಟ್ಟಿಗೆಗೆ ಮುಂದೆ ಗಾಜು, ಮೇಲೆ ಕೀಲು ಹಾಕಿದ ಮರದ ಮುಚ್ಚಳ. ಅಳಿಲು ಮೂತಿಯಿಂದ ಮುಚ್ಚಳ ಎತ್ತಿ, ತಲೆ ಒಳಗೆ ಹಾಕಿ, ಕಾಳು ತೆಗೆದುಕೊಂಡು ತಿನ್ನುತ್ತದೆ. ನೋಡೋಕೆ ತುಂಬಾ ಚೆಂದ. ಆದರೆ ಮುಕ್ಕಾಲು ಇಂಚು ದಪ್ಪದ ಆ ಮುಚ್ಚಳವೇ ನಮ್ಮ ಅಳಿಲಿನ ಎರಡು ಮೂರು ಪಟ್ಟು ಭಾರ ಇರುತ್ತದೆ. ನಮ್ಮದು ಅದನ್ನು ಎತ್ತುವುದು ಹೇಗೆ?

ಹಾಗಾಗಿ ಆ ನಕ್ಷೆಗಳನ್ನೆಲ್ಲ ಪಕ್ಕಕ್ಕಿಟ್ಟು, ನಮ್ಮ ಹಿತ್ತಲಿಗೆ ಬರುವ ಅಳಿಲನ್ನೇ ನೋಡಿಕೊಂಡು ಒಂದು ಪೆಟ್ಟಿಗೆ ಕಟ್ಟಿದೆ. ಅದರ ಮೈ ಎಷ್ಟು, ಯಾವ ದಾರಿಯಲ್ಲಿ ಬರುತ್ತದೆ, ಯಾವುದಕ್ಕೆ ಹೆದರುತ್ತದೆ, ಏನು ತಿನ್ನುತ್ತದೆ, ಇದೆಲ್ಲ ಗೊತ್ತಾದ ಮೇಲೆ ಅಳತೆಗಳು ತಾವಾಗೇ ಸಿಕ್ಕವು.

ನಮ್ಮ ಮನೆ ಮೈಸೂರಿನಲ್ಲಿ. ಹಿತ್ತಲು ದೊಡ್ಡದೇನಲ್ಲ. ಒಂದು ಸಪೋಟ, ಒಂದು ಸೀಬೆ, ಕರಿಬೇವು, ಬಟ್ಟೆ ಒಗೆಯುವ ಕಲ್ಲು, ಕಾಂಪೌಂಡಿನ ಉದ್ದಕ್ಕೂ ಕುಂಡಗಳು. ಪಕ್ಕದ ಖಾಲಿ ಸೈಟಿನಲ್ಲಿ ಒಂದು ಹಳೇ ಮಾವಿನ ಮರ, ಎರಡು ಸಿಲ್ವರ್ ಓಕ್ ಇದ್ದವು. ಅಲ್ಲಿ ಮನೆ ಕಟ್ಟಲು ಶುರು ಮಾಡಿದಾಗ ಮೂರೂ ಹೋದವು. ಅವರ ಜಾಗ, ಅವರಿಗೂ ಮನೆ ಬೇಕಲ್ವಾ. ಆದರೂ ಹೊಟ್ಟೆಯಲ್ಲಿ ಸಂಕಟ ಆಯಿತು. ಸಿಲ್ವರ್ ಓಕ್ ಹೂ ಬಿಟ್ಟಾಗ ಅಳಿಲುಗಳು ಆ ಕಿತ್ತಳೆ ಬಣ್ಣದ ಹೂಗೊಂಚಲಿಗೆ ಮೂತಿ ಇಟ್ಟು ಮಕರಂದ ನೆಕ್ಕುವುದನ್ನು ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದೆವು. ಮರಗಳು ಹೋದ ಮೇಲೆ ಅವೆಲ್ಲ ನಮ್ಮ ಹಿತ್ತಲಿಗೇ ಬಂದವು. ಅರೆಹಣ್ಣಾದ ಟೊಮೆಟೊಗೆ ಹಲ್ಲು ಹಾಕಿದವು. ಮೊಳಕೆ ಬಂದ ಅವರೆಯನ್ನು ಕಿತ್ತವು. ಕಾಲೊರೆಸಿನ ತೆಂಗಿನ ನಾರನ್ನು ಎಳೆ ಎಳೆಯಾಗಿ ಬಿಡಿಸಿ ಬಾಯಿ ತುಂಬ ಕಚ್ಚಿಕೊಂಡು ಹೋಗಿ ಮೀಟರ್ ಪೆಟ್ಟಿಗೆಯ ಹಿಂದೆ ಗೂಡು ಕಟ್ಟತೊಡಗಿದವು. ಅಟ್ಟಿದರೆ ಹೋಗುತ್ತವೆ, ಐದು ನಿಮಿಷಕ್ಕೆ ಮತ್ತೆ ಬರುತ್ತವೆ. ಅಟ್ಟಲು ಮನಸ್ಸೂ ಇರಲಿಲ್ಲ. ಅವಕ್ಕೆ ಒಂದು ಜಾಗ ಮಾಡಿಕೊಡೋಣ ಅನ್ನಿಸಿತು.

ಮೊದಲು ಸುಮ್ನೆ ಕೂತು ನೋಡಿದೆ. ಬೆಳಗ್ಗೆ ಬಿಸಿಲು ಏರುವ ಮುಂಚೆ, ಮತ್ತೆ ಸಂಜೆ ನಾಲ್ಕರ ಮೇಲೆ ಅವುಗಳ ಓಡಾಟ ಜಾಸ್ತಿ. ಮಧ್ಯಾಹ್ನದ ಬಿಸಿಲಲ್ಲಿ ಕೊಂಬೆಯ ಮೇಲೆ ಹೊಟ್ಟೆ ಊರಿ, ನಾಲ್ಕೂ ಕಾಲು ಇಳಿಬಿಟ್ಟು ಮಲಗುತ್ತವೆ. ಮರದಿಂದ ಇಳಿಯುವಾಗ ತಲೆ ಕೆಳಗೆ ಮಾಡಿಕೊಂಡೇ ಇಳಿಯುತ್ತವೆ. ಹತ್ತಿರದಿಂದ ನೋಡಿದರೆ ಹಿಂಗಾಲಿನ ಪಾದ ಪೂರ್ತಿ ಹಿಂದಕ್ಕೆ ತಿರುಗಿರುತ್ತದೆ. ಆ ಉಗುರುಗಳು ತೊಗಟೆಗೆ ಸಿಕ್ಕಿಕೊಂಡು ಇಡೀ ಮೈ ತೂಗುತ್ತದೆ. ನೆಲದಲ್ಲಿ ಏನಾದರೂ ಸಿಕ್ಕರೆ ಅಲ್ಲೇ ಕೂತು ತಿನ್ನುವುದು ಕಡಿಮೆ. ಕಚ್ಚಿಕೊಂಡು ಒಂದಾಳು ಎತ್ತರಕ್ಕೆ ಹೋಗಿ, ಬೆನ್ನ ಹಿಂದೆ ಕಾಂಡವೋ ಗೋಡೆಯೋ ಇರುವಂತೆ ಕೂತು, ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತವೆ. ಕೂತ ಜಾಗದಿಂದ ಓಡಲು ಯಾವಾಗಲೂ ಎರಡು ದಾರಿ ಇಟ್ಟುಕೊಂಡಿರುತ್ತವೆ. ಈ ಕೊನೇ ವಿಷಯ ನನಗೆ ಬಹಳ ಮುಖ್ಯ ಅನ್ನಿಸಿತು.

ಬೆಕ್ಕು ಕಂಡರೆ ‘ಚಿಪ್ ಚಿಪ್ ಚಿಪ್’ ಅಂತ ಬಾಲ ಕುಣಿಸುತ್ತಾ ಒಂದೇ ಸಮನೆ ಕೂಗುತ್ತವೆ. ಬೆಕ್ಕು ಹೋದ ಮೇಲೂ ಎಷ್ಟೋ ಹೊತ್ತು ನಿಲ್ಲಿಸುವುದಿಲ್ಲ. ಮೇಲೆ ಬಿಜ್ಜು ಹಾರಿದರೆ ಮಾತ್ರ ಕಾಂಡಕ್ಕೆ ಅಂಟಿಕೊಂಡು ಕಲ್ಲಿನಂತೆ ಆಗಿಬಿಡುತ್ತವೆ. ಬಿಜ್ಜು ಅಳಿಲನ್ನು ಹಿಡಿಯುವ ಹಕ್ಕಿ. ಅಂದರೆ ಪೆಟ್ಟಿಗೆಗೆ ಮೇಲೆ ಸೂರು ಬೇಕೇ ಬೇಕು.

ನಮ್ಮಲ್ಲಿ ಬರುವುದು ಬೆನ್ನ ಮೇಲೆ ಮೂರು ಬಿಳಿ ಪಟ್ಟೆ ಇರುವ ಅಳಿಲು. ರಾಮ ಬೆನ್ನು ಸವರಿದ ಮೂರು ಬೆರಳಿನ ಗುರುತು ಅಂತ ಅಜ್ಜಿ ಹೇಳುತ್ತಿದ್ದದ್ದು ಇದನ್ನೇ. ದೆಹಲಿಯಲ್ಲಿರುವ ತಂಗಿ ಫೋಟೋ ಕಳಿಸಿದಾಗ ಮಗಳು ಪಟ್ಟೆ ಎಣಿಸಿದಳು. ಐದಿದ್ದವು. ಉತ್ತರದ ಕಡೆಯದು ಬೇರೆ ಜಾತಿ. ಎರಡೂ ಗಾತ್ರದಲ್ಲಿ ಹತ್ತಿರ ಹತ್ತಿರ ಒಂದೇ. ಮೈ ಸುಮಾರು 15 ಸೆಂಟಿಮೀಟರ್, ಬಾಲ ಅದಕ್ಕಿಂತ ಒಂಚೂರು ಗಿಡ್ಡ. ಹಾಗಾಗಿ ನನ್ನ ಅಳತೆ ತಂಗಿಗೂ ಆಗುತ್ತದೆ.

ಇಷ್ಟು ನೋಡಿದ ಮೇಲೆ ಪೆಟ್ಟಿಗೆ ಹೇಗಿರಬೇಕು ಅನ್ನುವುದು ಮನಸ್ಸಿನಲ್ಲಿ ಕೂತಿತು. ಮುಚ್ಚಳ ಬೇಡ. ಸುತ್ತ ಮುಚ್ಚಿ ಒಂದೇ ತೂತು ಬಿಡುವ ಗೂಡಿನಂಥ ಪೆಟ್ಟಿಗೆಯೂ ಬೇಡ, ಬೆಕ್ಕೋ ಕೇರೆ ಹಾವೋ ಬಾಗಿಲಿಗೆ ಬಂದರೆ ಒಳಗಿದ್ದದ್ದಕ್ಕೆ ಅಲ್ಲೇ ಸಾವು. ಹಿಂದೆ ಮಾತ್ರ ಹಲಗೆ, ಉಳಿದ ಮೂರು ಕಡೆ ಬಯಲು. ಮೇಲೆ ತಗ್ಗಾದ ಸೂರು, ಕಾಗೆ ಆರಾಮಾಗಿ ನಿಂತು ತಿನ್ನಲು ಆಗಬಾರದು. ನೀರು ನಿಲ್ಲಬಾರದು. ಊಟ ಹಾಕುವ ಪಾತ್ರೆ ತೆಗೆದು ತೊಳೆಯುವ ಹಾಗಿರಬೇಕು.

ಮರದ ವಿಷಯಕ್ಕೆ ಬರುತ್ತೇನೆ. ಪ್ಲೈವುಡ್ ಚೂರುಗಳು ಮನೆಯಲ್ಲಿ ಬೇಕಾದಷ್ಟಿದ್ದವು. ಅವನ್ನು ಮುಟ್ಟಲಿಲ್ಲ. ಅಳಿಲಿನ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಅದನ್ನು ಸವೆಸಲು ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಪ್ಲೈವುಡ್ಡಿನ ಪದರದಲ್ಲಿರುವ ಅಂಟು ಅದರ ಹೊಟ್ಟೆಗೆ ಹೋಗುವುದು ನನಗೆ ಬೇಡವಾಗಿತ್ತು. ಬಣ್ಣ ಹೊಡೆದ ಹಳೇ ಕಿಟಕಿ ಹಲಗೆಗೂ ಇದೇ ಮಾತು. ಕೊನೆಗೆ ಅಟ್ಟದಲ್ಲಿದ್ದ ಅಜ್ಜನ ಕಾಲದ ಮಂಚದ ಹಲಗೆ ಇಳಿಸಿದೆ. ಹಲಸಿನ ಮರ. ಮೇಲೆ ಕಂದು ಬಣ್ಣಕ್ಕೆ ತಿರುಗಿತ್ತು, ಗರಗಸ ಹಾಕಿದ ತಕ್ಷಣ ಒಳಗಿನ ಹಳದಿ ಹೊರಗೆ ಬಂತು. ಹಲಸಿನ ತಿರುಳಿಗೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ, ಮಳೆ ಬಿಸಿಲಿಗೆ ಬೇಗ ಬಾಗುವುದಿಲ್ಲ. ಮೃದಂಗಕ್ಕೆ, ವೀಣೆಗೆ ಅದನ್ನೇ ಹುಡುಕುತ್ತಾರೆ ಅಂದಮೇಲೆ ಇನ್ನೇನು ಬೇಕು! ಹಲಸು ಸಿಗದಿದ್ದರೆ ಸಾಮಿಲ್‌ನಲ್ಲಿ ತೇಗದ ಚೂರೋ ಹೊನ್ನೆಯ ಚೂರೋ ಕೇಳಿ, ಇಷ್ಟು ಸಣ್ಣ ಕೆಲಸಕ್ಕೆ ಉಳಿಕೆ ತುಂಡುಗಳೇ ಸಾಕು.

ಅಳತೆ ಹೀಗಿದೆ. ತಳದ ಹಲಗೆ 12 ಇಂಚು ಅಗಲ, 7 ಇಂಚು ಆಳ. ಹಿಂದಿನ ಹಲಗೆ ಅದೇ 12 ಇಂಚು ಅಗಲ. ಎತ್ತರ ಒಂದು ಕಡೆ 13, ಇನ್ನೊಂದು ಕಡೆ ಹನ್ನೊಂದೂವರೆ. ಅದರಲ್ಲಿ 6 ಇಂಚು ತಳದ ಹಲಗೆಯಿಂದ ಕೆಳಗೆ ಇಳಿದಿರುತ್ತದೆ, ಮರಕ್ಕೆ ಕಟ್ಟಲು. ಮುಂದಿನ ಎರಡು ಮೂಲೆಗೆ ಒಂದೊಂದು ಇಂಚು ಚೌಕದ ಎರಡು ಕಂಬ, ಒಂದು 7 ಇಂಚು, ಇನ್ನೊಂದು ಐದೂವರೆ. ತಳದ ಸುತ್ತ ಮೂರು ಕಡೆ ಮುಕ್ಕಾಲು ಇಂಚು ಎತ್ತರದ ಪಟ್ಟಿ, ಕಾಳು ಉರುಳಿ ಬೀಳದಂತೆ.

ಒಂದು ಕಡೆ ಎತ್ತರ, ಒಂದು ಕಡೆ ತಗ್ಗು ಯಾಕೆ ಅಂದರೆ, ಸೂರಿಗೆ ನಾನು ಹಾಕಿದ್ದು ಮಂಗಳೂರು ಹೆಂಚು. ಊರಿನ ಮನೆ ರಿಪೇರಿ ಆದಾಗ ತಂದಿಟ್ಟ ಹೆಂಚುಗಳು ಮೂಲೆಯಲ್ಲಿ ಬಿದ್ದಿದ್ದವು. ಹೆಂಚಿನ ಉದ್ದ ಸುಮಾರು 16 ಇಂಚು, ಅಗಲ 10. ನನ್ನ ತಳಕ್ಕೆ ಅದು ಸರಿಯಾಗಿ ಹೊಂದಿತು. ಎರಡು ಪಕ್ಕಕ್ಕೆ ಎರಡೆರಡು ಇಂಚು, ಮುಂದಕ್ಕೆ 3 ಇಂಚು ಚಾಚಿಕೊಳ್ಳುತ್ತದೆ. ಆದರೆ ಹೆಂಚಿನ ತೋಡು ಇರುವುದು ಉದ್ದಕ್ಕೆ. ನೀರು ಉದ್ದಕ್ಕೇ ಹರಿಯಬೇಕು. ಅದಕ್ಕೇ ಇಳಿಜಾರನ್ನು ಮುಂದಕ್ಕೆ ಕೊಡದೆ ಪಕ್ಕಕ್ಕೆ ಕೊಟ್ಟೆ. ಹೆಂಚಿನ ಕೆಳಗೆ ಹಗಲಲ್ಲಿ ತಂಪು, ಅಳಿಲು ಅದನ್ನು ಕಡಿಯಲಾರದು, ಬಣ್ಣ ಹೊಡೆಯುವ ಗೋಜಿಲ್ಲ. ಭಾರ ಮಾತ್ರ ಇದೆ, ಎರಡು ಕೇಜಿ ಮೇಲೆಯೇ. ಗಾಳಿಗೆ ಜಾರದಂತೆ ಎರಡು ಕಡೆ ತಂತಿ ಬಿಗಿದು ಹಿಂದಿನ ಹಲಗೆಗೆ ಕಟ್ಟಿದ್ದೇನೆ.

ಈಗ ನನಗೆ ತುಂಬ ಇಷ್ಟವಾದ ಭಾಗ, ಕರಟ. ಊಟದ ಬಟ್ಟಲಿಗೆ ಸ್ಟೀಲ್ ತಟ್ಟೆ ಇಡಬಹುದಿತ್ತು, ಬಿಸಿಲಿಗೆ ಕಾದುಹೋಗುತ್ತದೆ. ಪ್ಲಾಸ್ಟಿಕ್ ಇಟ್ಟರೆ ಕಡಿದು ನುಂಗುತ್ತವೆ. ತೆಂಗಿನ ಕರಟ ಎಲ್ಲಕ್ಕಿಂತ ಒಳ್ಳೆಯದು. ಕಾಯಿಯನ್ನು ಕಲ್ಲಿಗೆ ಒಡೆದರೆ ಅಂಚು ಹಲ್ಲುಹಲ್ಲಾಗುತ್ತದೆ. ನಾರೆಲ್ಲ ಬಿಡಿಸಿ, ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದು, ಹ್ಯಾಕ್ಸಾ ಬ್ಲೇಡಿನಲ್ಲಿ ಕಾಯಿಯನ್ನು ತಿರುಗಿಸುತ್ತಾ ಕೊಯ್ಯಬೇಕು. ನೀರು ಹಿಡಿಯಲು ಕೆಳಗೊಂದು ಪಾತ್ರೆ ಇಟ್ಟುಕೊಳ್ಳಿ. ಎರಡು ಹೋಳಿನಲ್ಲಿ ಬೇಕಾದದ್ದು ಕಣ್ಣಿರುವ ಹೋಳು. ಮೂರು ಕಣ್ಣಿನಲ್ಲಿ ಒಂದು ಮೆತ್ತಗಿರುತ್ತದೆ, ತೆಂಗಿನ ಮೊಳಕೆ ಹೊರಗೆ ಬರುವ ದಾರಿ ಅದು. ಮೊಳೆಯ ತುದಿಯಲ್ಲಿ ಅದನ್ನು ಒತ್ತಿದರೆ ಸಾಕು, ತೂತಾಗುತ್ತದೆ. ಡ್ರಿಲ್ ಬೇಡ. ಬಟ್ಟಲಿನ ಅಡಿಯಲ್ಲಿ ನೀರು ಹೋಗುವ ದಾರಿ ಕಾಯಿಯೇ ಇಟ್ಟುಕೊಟ್ಟಿರುತ್ತದೆ! ಇದು ಗೊತ್ತಾದಾಗ ಆದ ಖುಷಿ ಇವತ್ತಿಗೂ ಇದೆ.

ಅಂಚನ್ನು 80 ನಂಬರ್ ಮರಳು ಕಾಗದದಲ್ಲಿ ಉಜ್ಜಿ, ಆಮೇಲೆ 120ರಲ್ಲಿ ನಯ ಮಾಡಿದೆ. ಒಳಗಿನ ಕೊಬ್ಬರಿಯನ್ನು ಪೂರ್ತಿ ಕೆರೆದು ತೆಗೆದೆ, ಬಿಟ್ಟರೆ ಬೂಷ್ಟು ಬರುತ್ತದೆ. ಬಿಸಿನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಿದೆ. ತಳದ ಹಲಗೆಯಲ್ಲಿ ಕರಟದ ಅಗಲಕ್ಕಿಂತ ಮುಕ್ಕಾಲು ಇಂಚು ಕಡಿಮೆ ಇರುವ ಎರಡು ವೃತ್ತ ಕೊರೆಸಬೇಕು. ಕರಟ ಅರ್ಧ ಇಳಿದು, ಅಲ್ಲೇ ಕಚ್ಚಿ ನಿಲ್ಲುತ್ತದೆ. ಅಂಚಿನ ಮೇಲೆ ಅಳಿಲು ಕೂತರೂ ಮಗುಚುವುದಿಲ್ಲ. ತೊಳೆಯಬೇಕು ಅಂದರೆ ಕೆಳಗಿನಿಂದ ಬೆರಳಲ್ಲಿ ತಳ್ಳಿದರೆ ಎದ್ದು ಬರುತ್ತದೆ. ಈ ವೃತ್ತ ಕೊರೆಯುವ ಯಂತ್ರ ನನ್ನಲ್ಲಿಲ್ಲ. ನಮ್ಮ ಬೀದಿಯಲ್ಲಿ ಮರಗೆಲಸ ಮಾಡುವವರ ಹತ್ತಿರ ಹೋದೆ. ಅಳಿಲಿಗೆ ಅಂದಾಗ ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಕೊರೆದುಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಮೇಲೆ ಒಂದು ಬುದ್ಧಿಮಾತೂ ಹೇಳಿದರು: ಮೊಳೆ ಹೊಡೆಯಬೇಡಿ, ಸ್ಕ್ರೂ ಹಾಕಿ. ಮರ ಮಳೆಗಾಲದಲ್ಲಿ ಊದುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ. ಈ ಎಳೆದಾಟದಲ್ಲಿ ಮೊಳೆ ನಿಧಾನಕ್ಕೆ ಹೊರಗೆ ಬರುತ್ತದೆ, ಅದರ ತುದಿ ಅಳಿಲಿನ ಹೊಟ್ಟೆಗೆ ತಾಗಿದರೆ ಗತಿ ಏನು? ಅವರು ಹೇಳಿದ ಹಾಗೆಯೇ ತುಕ್ಕು ಹಿಡಿಯದ ಸ್ಟೀಲ್ ಸ್ಕ್ರೂ ತಂದೆ. ಹಳೇ ಹಲಸು ಅಂಚಿನಲ್ಲಿ ಸೀಳುತ್ತದೆ, ಹಾಗಾಗಿ ಮೊದಲು ಸಣ್ಣ ಬಿಟ್ಟಿನಲ್ಲಿ ತೂತು ಕೊರೆದು ಆಮೇಲೆ ಸ್ಕ್ರೂ ತಿರುಗಿಸಿದೆ.

ಮಳೆಗೆ ಮರ ತಡೆಯಲಿ ಅಂತ ಎಣ್ಣೆ ಹಚ್ಚಬೇಕಿತ್ತು. ವಾರ್ನಿಷ್ ಬೇಡ. ಕೊಬ್ಬರಿ ಎಣ್ಣೆ ಒಣಗುವುದೇ ಇಲ್ಲ, ಇರುವೆಗೆ ಹಬ್ಬ. ಅಗಸೆ ಎಣ್ಣೆ ಒಣಗುವ ಎಣ್ಣೆ, ಮರದೊಳಗೆ ಇಳಿದು ಗಟ್ಟಿಯಾಗುತ್ತದೆ. ಪೇಂಟ್ ಅಂಗಡಿಯಲ್ಲಿ ಕಾಯಿಸಿದ ಅಗಸೆ ಎಣ್ಣೆ ಅಂತ ಸಿಗುವುದನ್ನು ತರಬೇಡಿ. ಬೇಗ ಒಣಗಲಿ ಅಂತ ಅದಕ್ಕೆ ಲೋಹದ ಲವಣ ಸೇರಿಸಿರುತ್ತಾರೆ. ತಿನ್ನುವ ಅಗಸೆ ಎಣ್ಣೆ, ಗಾಣದ್ದು ಸಿಕ್ಕರೆ ಒಳ್ಳೆಯದು. ತೆಳ್ಳಗೆ ಸವರಿ, ಒರೆಸಿ, ಒಣಗಲು ಬಿಟ್ಟು, ಮತ್ತೊಂದು ಕೈ. ಹಸಿ ಎಣ್ಣೆ ಒಣಗಲು ದಿನಗಟ್ಟಲೆ ಬೇಕು, ಅವಸರ ಮಾಡಬಾರದು. ಇನ್ನೊಂದು ಎಚ್ಚರಿಕೆ: ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ತಾನಾಗೇ ಬೆಂಕಿ ಹತ್ತಬಹುದು. ಬಟ್ಟೆಯನ್ನು ಬಿಡಿಸಿ ಹೊರಗೆ ತಂತಿಗೆ ಹರವಿ, ಗರಿಗರಿಯಾಗಿ ಒಣಗಿದ ಮೇಲೆ ಎಸೆಯಿರಿ. ಕರಟಕ್ಕೆ, ಊಟ ಬೀಳುವ ತಳಕ್ಕೆ ಎಣ್ಣೆ ಹಚ್ಚಲಿಲ್ಲ.

ಎಲ್ಲಿ ಇಡುವುದು ಅನ್ನುವುದರ ಬಗ್ಗೆ ಮನೆಯಲ್ಲಿ ಚರ್ಚೆಯೇ ಆಯಿತು. ಕಿಟಕಿ ಪಕ್ಕ ಇದ್ದರೆ ನಮಗೆ ಚೆನ್ನಾಗಿ ಕಾಣುತ್ತದೆ, ಆದರೆ ಕಾಂಪೌಂಡಿನ ಮೇಲೆ ಬೆಕ್ಕು ಬಂದು ಕೂರುತ್ತದೆ. ಸಪೋಟ ಮರ ಐದಡಿ ಎತ್ತರದಲ್ಲಿ ಎರಡಾಗಿ ಕವಲೊಡೆದಿದೆ. ಪೆಟ್ಟಿಗೆಯ ಭಾರವನ್ನು ಆ ಕವಲಿನ ಮೇಲೆ ಕೂರಿಸಿ, ಹಿಂದಿನ ಹಲಗೆಯಲ್ಲಿ ಕೊರೆದ ತೂತುಗಳಿಂದ ಹಳೇ ಸೈಕಲ್ ಟ್ಯೂಬ್ ತೂರಿಸಿ ಕೊಂಬೆಗೆ ಕಟ್ಟಿದೆ. ಮರಕ್ಕೆ ಮೊಳೆ ಹೊಡೆಯುವುದು ನನಗೆ ಇಷ್ಟವಿಲ್ಲ. ಬರೀ ತಂತಿ ಬಿಗಿದರೆ ಮರ ಬೆಳೆದಂತೆ ತೊಗಟೆಗೆ ಇಳಿದು ಉಸಿರು ಕಟ್ಟಿಸುತ್ತದೆ. ಟ್ಯೂಬ್ ಹಿಗ್ಗುತ್ತದೆ. ಬಿಸಿಲಿಗೆ ಬಿರುಕು ಬಿಟ್ಟಾಗ ಬದಲಾಯಿಸಿದರೆ ಆಯಿತು. ಹಿಂದಿನ ಹಲಗೆ ಮತ್ತು ಮರದ ನಡುವೆ ಎರಡು ಅಡ್ಡಪಟ್ಟಿ ಕೊಟ್ಟಿದ್ದೇನೆ. ಮಳೆ ನೀರು ಕಾಂಡದ ಮೇಲೆ ಇಳಿಯುವಾಗ ಹಲಗೆಗೆ ತಾಗದೆ ಹೋಗಲಿ, ಗಾಳಿ ಆಡಲಿ ಅಂತ.

ಕೆಳಗೆ ಕಾಂಡದ ಸುತ್ತ ಎರಡಡಿ ಅಗಲದ ನುಣುಪು ತಗಡನ್ನು ಸಡಿಲವಾಗಿ ಸುತ್ತಿದೆ. ಬೆಕ್ಕು, ಇಲಿ ಉಗುರು ಊರಲು ಜಾಗ ಸಿಗದೆ ಕೆಳಗೇ ಉಳಿಯುತ್ತವೆ. ಅಳಿಲಿಗೆ ಅದರ ತೊಂದರೆ ಇಲ್ಲ, ಅವು ಸೀಬೆ ಕೊಂಬೆಯಿಂದ ಸಪೋಟದ ಕೊಂಬೆಗೆ ಹಾರಿ ಮೇಲಿನಿಂದಲೇ ಬರುತ್ತವೆ. ಹತ್ತಿರದ ಕ್ರೋಟನ್ ಪೊದೆಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದೆ. ಬೆಕ್ಕು ಹೊಂಚು ಹಾಕುತ್ತಿದ್ದದ್ದು ಅಲ್ಲೇ.

ಪೆಟ್ಟಿಗೆ ಏರಿದ ತಕ್ಷಣ ಅಳಿಲು ಓಡಿ ಬರುತ್ತದೆ ಅಂತ ಯಾರೂ ಅಂದುಕೊಳ್ಳಬೇಡಿ. ಮೊದಲು ಬಂದದ್ದು ಗೊರವಂಕ. ಆಮೇಲೆ ಹರಟೆಮಲ್ಲಗಳ ಹಿಂಡು, ಒಂದರ ಮೇಲೊಂದು ಬಿದ್ದು ಗಲಾಟೆ ಮಾಡಿ, ಕರಟ ಖಾಲಿ ಮಾಡಿ ಹೋದವು. ಕಾಗೆ ಹೆಂಚಿನ ಮೇಲೆ ಕೂತು ಬಗ್ಗಿ ನೋಡಿತು, ತಗ್ಗು ಸೂರಿನ ಕೆಳಗೆ ನುಗ್ಗುವ ಧೈರ್ಯ ಮಾಡಲಿಲ್ಲ. ಅಳಿಲು ಮಾತ್ರ ಮೇಲಿನ ಕೊಂಬೆಯಿಂದ ಕತ್ತು ಚಾಚಿ ನೋಡುವುದು, ಬಾಲ ಕುಣಿಸುವುದು, ವಾಪಸ್ ಹೋಗುವುದು. ಹೊಸ ವಸ್ತು, ಹೊಸ ವಾಸನೆ. ನಾನು ಕಡಲೆಬೀಜವನ್ನು ಮೊದಲು ಅದು ಓಡಾಡುವ ಕೊಂಬೆಯ ಮೇಲೆ ಇಟ್ಟೆ. ಅದು ಖಾಲಿಯಾಗತೊಡಗಿದ ಮೇಲೆ ಹೆಂಚಿನ ಮೇಲೆ, ಆಮೇಲೆ ತಳದ ಅಂಚಿನಲ್ಲಿ. ಹಾಗೇ ಒಂದೊಂದು ಹೆಜ್ಜೆ ಕರೆದುಕೊಂಡು ಬಂದೆ. ಒಂದು ಒಳಗೆ ಬಂದು ತಿಂದ ಮೇಲೆ ಉಳಿದವಕ್ಕೆ ಹೇಳಿಕೊಡಬೇಕಾಗಿಲ್ಲ.

ಅದು ಕಡಲೆಬೀಜ ತಿನ್ನುವ ಚೆಂದ ನೋಡಬೇಕು. ಕರಟದ ಅಂಚಿನ ಮೇಲೆ ಕೂತು, ಬಾಲವನ್ನು ಬೆನ್ನ ಮೇಲೆ ಮಡಿಸಿಕೊಂಡು, ಬೀಜವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತದೆ. ಕೆಂಪು ಸಿಪ್ಪೆ ಸುರುಳಿ ಸುರುಳಿಯಾಗಿ ಕೆಳಗೆ ಬೀಳುತ್ತದೆ. ಬೆಳ್ಳಗಾದ ಮೇಲೆ ಬಾಯಿಗೆ. ತಿನ್ನುವಷ್ಟು ಹೊತ್ತೂ ಕಣ್ಣು ಮಾತ್ರ ಹೊರಗೆ. ಇಡೀ ಕಡಲೆಕಾಯಿ ಕೊಟ್ಟರೆ ಒಂದು ತುದಿಯಲ್ಲಿ ತೂತು ಕೊರೆದು ಬೀಜ ಎಳೆದುಕೊಳ್ಳುತ್ತದೆ. ಹಲ್ಲಿಗೂ ಕೆಲಸ ಸಿಗುತ್ತದೆ, ಹಾಗಾಗಿ ನಾನು ಸಿಪ್ಪೆ ಸಮೇತ ಕೊಡುವುದೇ ಜಾಸ್ತಿ.

ಕಡಲೆಕಾಯಿ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಹಳತು, ಮುಗ್ಗಲು ಹಿಡಿದದ್ದು, ಕಪ್ಪಾದದ್ದು ‘ಪ್ರಾಣಿಗೆ ತಾನೇ’ ಅಂತ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೂಷ್ಟು ಹಿಡಿದ ಕಡಲೆಯಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಸೇರಿರಬಹುದು. ಅದು ಯಕೃತ್ತನ್ನೇ ಕೆಡಿಸುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. 100 ಗ್ರಾಂ ಜೀವಕ್ಕೆ ಎಷ್ಟು ಸಾಕು ಹೇಳಿ? ನಾವು ತಿನ್ನುವ ಕಡಲೆಯನ್ನೇ ಅದಕ್ಕೂ ಹಾಕುತ್ತೇನೆ. ಉಪ್ಪು ಹಾಕಿ ಹುರಿದದ್ದು ಬೇಡ. ಬಿಸ್ಕತ್ತು, ಬ್ರೆಡ್ಡು, ಖಾರದ ಮಿಕ್ಸ್ಚರ್, ಹಬ್ಬದ ಸಿಹಿ, ಯಾವುದೂ ಬೇಡ.

ಒಳ್ಳೆಯ ಕಡಲೆಯಾದರೂ ದಿನಾ ಅದೊಂದೇ ಹಾಕಬಾರದು. ಕಡಲೆಬೀಜ, ಸೂರ್ಯಕಾಂತಿ ಬೀಜದಲ್ಲಿ ಸುಣ್ಣದ ಅಂಶ ಕಡಿಮೆ. ಬರೀ ಅದನ್ನೇ ತಿಂದು ಬೆಳೆದ ಅಳಿಲಿಗೆ ಮೂಳೆ ಮೆತ್ತಗಾಗುತ್ತದೆ. ನಾನು ಒಂದು ಕರಟಕ್ಕೆ ನಾಲ್ಕೈದು ಕಡಲೆಕಾಯಿ, ಇನ್ನೊಂದಕ್ಕೆ ಹಣ್ಣು ತರಕಾರಿ ಹಾಕುತ್ತೇನೆ. ಸೀಬೆ, ಪಪ್ಪಾಯಿ, ಸೌತೆಕಾಯಿ, ಕ್ಯಾರೆಟ್, ಎಳೇ ಮೆಕ್ಕೆಜೋಳ, ನೆನೆಸಿದ ಕಡಲೆಕಾಳು, ಆಯಾ ದಿನ ಮನೆಯಲ್ಲಿ ಹೆಚ್ಚುವಾಗ ಏನಿರುತ್ತದೋ ಅದು. ಹಕ್ಕಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಕಟಲ್ ಬೋನನ್ನು, ಅಂದರೆ ಕಟಲ್ ಫಿಶ್ ಅನ್ನುವ ಸಮುದ್ರಜೀವಿಯ ಸುಣ್ಣದ ಚಿಪ್ಪನ್ನು, ಕಂಬಕ್ಕೆ ಕಟ್ಟಿದ್ದೇನೆ, ಬೇಕಾದಾಗ ಬಂದು ಕೆರೆಯುತ್ತವೆ. ಇಷ್ಟಾದರೂ ಇದು ಅವುಗಳ ಊಟದ ಒಂದು ಚೂರು ಮಾತ್ರ ಆಗಿರಬೇಕು. ಚಿಗುರು, ಹೂ, ಹುಳು ಹುಪ್ಪಟೆ ಹುಡುಕಿ ತಿನ್ನುವುದು ಬಿಡಬಾರದು. ಬೆಳಗ್ಗೆ ಹಾಕಿದ್ದು ಹತ್ತು ಗಂಟೆಗೆ ಖಾಲಿಯಾದರೆ ಮತ್ತೆ ತುಂಬುವುದಿಲ್ಲ.

ಸಂಜೆ ಐದಕ್ಕೆ ಪೆಟ್ಟಿಗೆ ಖಾಲಿ ಇರಲೇಬೇಕು, ಇದು ನಮ್ಮ ಮನೆಯ ಕಟ್ಟುನಿಟ್ಟು. ಅಳಿಲು ಹಗಲಿನ ಪ್ರಾಣಿ, ಕತ್ತಲಾದ ಮೇಲೆ ಬರುವುದಿಲ್ಲ. ರಾತ್ರಿ ಬರುವುದು ಇಲಿ, ಹೆಗ್ಗಣ. ಅವುಗಳ ಹಿಂದೆ ಹಾವು. ಒಂದು ವಾರ ಕಾಳು ಬಿಟ್ಟರೆ ಅಕ್ಕಪಕ್ಕದವರೆಲ್ಲ ಬೇಜಾರು ಮಾಡಿಕೊಳ್ಳುತ್ತಾರೆ, ಅದು ನ್ಯಾಯವೂ ಹೌದು. ಉಳಿದದ್ದನ್ನು ಮಗಳು ಡಬ್ಬಿಗೆ ಹಾಕಿ ಗೊಬ್ಬರದ ಗುಂಡಿಗೆ ಸುರಿಯುತ್ತಾಳೆ, ಕೆಳಗೆ ಬಿದ್ದ ಸಿಪ್ಪೆ ಗುಡಿಸುತ್ತಾಳೆ. ವಾರಕ್ಕೊಮ್ಮೆ ಕರಟ ಎರಡನ್ನೂ ಕುದಿಯುವ ನೀರಲ್ಲಿ ಅದ್ದಿ ಬಿಸಿಲಿಗಿಡುತ್ತೇವೆ. ಅದಕ್ಕೆಂದೇ ಇನ್ನೊಂದು ಜೊತೆ ಕರಟ ಮಾಡಿಟ್ಟುಕೊಂಡಿದ್ದೇವೆ. ಕೈಯಿಂದ ತಿನ್ನಿಸುವುದು ಬೇಡ ಅಂತ ಮಕ್ಕಳಿಗೆ ಹೇಳಿದ್ದೇವೆ. ಮನುಷ್ಯರ ಭಯ ಹೋದ ಅಳಿಲು ಬೇರೆ ಮನೆಯಲ್ಲಿ ಪೆಟ್ಟು ತಿನ್ನುತ್ತದೆ.

ಕೋತಿಗಳ ಕಾಟ ಇರುವ ಕಡೆ, ಚಾಮುಂಡಿ ಬೆಟ್ಟದ ತಪ್ಪಲಿನ ಬಡಾವಣೆಗಳ ಹಾಗೆ, ಈ ಪೆಟ್ಟಿಗೆ ಬೇಡವೇ ಬೇಡ ಅನ್ನುತ್ತೇನೆ. ಕಡಲೆ ಕಂಡ ಹಿಂಡು ಪೆಟ್ಟಿಗೆಯನ್ನೇ ಕಿತ್ತು ಹೋಗುತ್ತದೆ, ಆಮೇಲೆ ಅಡುಗೆಮನೆಗೂ ಬರುತ್ತದೆ. ಅಲ್ಲಿ ನೀರಿನ ತಟ್ಟೆ ಒಂದು ಸಾಕು. ನೀರು ನಾವೂ ಇಡುತ್ತೇವೆ, ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ಆಳಕ್ಕೆ, ಮರಿ ಬಿದ್ದರೆ ಹತ್ತಲು ಒಂದು ಕಲ್ಲು ಇಟ್ಟು. ಮಾರ್ಚ್‌ನಿಂದ ಮೇವರೆಗೆ ಊಟಕ್ಕಿಂತ ನೀರಿಗೇ ಜಾಸ್ತಿ ಬರುತ್ತವೆ. ದಿನಾ ನೀರು ಚೆಲ್ಲಿ ಬೇರೆ ತುಂಬಿದರೆ ಸೊಳ್ಳೆ ಮರಿ ಆಗುವುದಿಲ್ಲ.

ಒಂದು ಮಳೆಗಾಲ ಕಳೆದಿದೆ. ಹೆಂಚು ತನ್ನ ಕೆಲಸ ಮಾಡಿತು. ಜೋರು ಗಾಳಿಮಳೆಗೆ ಇರಚಲು ಒಳಗೆ ಬಂದಾಗಲೂ ಕರಟದ ಕಣ್ಣಿನಿಂದ ನೀರು ಹನಿ ಹನಿಯಾಗಿ ಇಳಿದು ಹೋಯಿತು. ಹಲಸಿನ ಹಳದಿ ಈಗ ಕಂದು ಬಣ್ಣಕ್ಕೆ ತಿರುಗಿ ಕಾಂಡದ ಬಣ್ಣಕ್ಕೆ ಹೊಂದಿಕೊಂಡಿದೆ. ಮುಂದಿನ ಪಟ್ಟಿಯ ಮೇಲೆ ಪೂರ್ತಿ ಹಲ್ಲಿನ ಗುರುತು, ಜೋಡಿ ಜೋಡಿ ಗೀರುಗಳು. ಆ ಪಟ್ಟಿ ಸವೆದರೆ ಎರಡು ಸ್ಕ್ರೂ ಬಿಚ್ಚಿ ಬೇರೆಯದು ಹಾಕುತ್ತೇನೆ. ಟೊಮೆಟೊ ಉಳಿಯಿತಾ ಅಂತ ಕೇಳುವವರಿಗೆ: ಪೂರ್ತಿ ಉಳಿದಿಲ್ಲ, ಮೊದಲಿಗಿಂತ ವಾಸಿ. ಹಣ್ಣಾಗುವ ಗೊಂಚಲಿಗೆ ಬಲೆ ಚೀಲ ಕಟ್ಟುತ್ತೇವೆ. ಮೀಟರ್ ಪೆಟ್ಟಿಗೆ ಹಿಂದಿನ ಗೂಡನ್ನು ಮರಿಗಳು ದೊಡ್ಡದಾಗಿ ಹೋಗುವ ತನಕ ಮುಟ್ಟಲಿಲ್ಲ. ಆಮೇಲೆ ಆ ಸಂದಿಗೆ ಜಾಲರಿ ಹಾಕಿಸಿದೆವು, ವೈರ್ ಕಡಿದರೆ ಅವಕ್ಕೇ ಅಪಾಯ.

ಹೊಸ ಮನೆಯವರ ಗೃಹಪ್ರವೇಶ ಆಯಿತು. ಅವರ ಮಗ ಕಾಂಪೌಂಡಿನಾಚೆ ನಿಂತು ನಮ್ಮ ಸಪೋಟವನ್ನೇ ನೋಡುತ್ತಿರುತ್ತಾನೆ. ಅವರ ಮನೆ ಹಿಂದೆ ಒಂದೂವರೆ ಅಡಿ ಮಣ್ಣಿನ ಪಟ್ಟಿ ಉಳಿಸಿದ್ದಾರೆ. ಏನು ಹಾಕಬಹುದು ಅಂತ ಅವರೇ ಕೇಳಿದರು. ದೊಡ್ಡ ಮರಕ್ಕೆ ಜಾಗ ಸಾಲದು, ಸೀಬೆ ಹಾಕಿ ಅಂದೆ. ನಮ್ಮ ಗಿಡದ ಕೊಂಬೆಗೆ ಮಣ್ಣು ಕಟ್ಟಿ ಬೇರು ಬರಿಸಿದ ಒಂದು ಸಸಿ ಕುಂಡದಲ್ಲಿದೆ, ಮಳೆ ಹಿಡಿದ ಮೇಲೆ ಕೊಡುತ್ತೇನೆ. ಪೆಟ್ಟಿಗೆಗೆ ಬೇಕಾದ ಹಲಗೆ ಇನ್ನೊಂದು ಅಟ್ಟದಲ್ಲಿದೆ, ಹೆಂಚೂ ಇದೆ. ಕರಟ ಅವರೇ ಕೊಯ್ಯಲಿ, ಕಣ್ಣಿರುವ ಹೋಳನ್ನೇ ಇಟ್ಟುಕೊಳ್ಳಲು ಹೇಳಿದ್ದೇನೆ.